ನೋಟಕ್ಕೂ ವ್ರತ ಬೇಕು

ಮಾರ್ಗಶಿರ, ಪುಷ್ಯ ಮಾಸಗಳು ಬಂದವೆಂದರೆ ಚಿತ್ರದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿಯ ದಾರಿಯಲ್ಲಿ ವಾಹನಗಳ ಓಡಾಟ ಹೆಚ್ಚುತ್ತದೆ. ಕೆಲವರು ಬೆಳಗಿನ ಮಂಜನ್ನು ನೋಡಲು ಬರುತ್ತಾರೆ. ಕೆಲವರು ಕರಡಿ, ಚಿರತೆ ಕಂಡಾವೆಂಬ ಆಸೆಯಿಂದ ಬರುತ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರದ ಹಿನ್ನೀರಿಗೆ ಹಕ್ಕಿಗಳನ್ನು ಅರಸಿ ಹೋಗುವವರುಂಟು. ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳನ್ನು ಕ್ಯಾಮೆರಾ ಹಿಡಿದು ಹತ್ತುವವರೂ ಉಂಟು. ಇವರಲ್ಲಿ ಯಾರ ಕೈಯಲ್ಲಿಯೂ ಕೋವಿಯಿಲ್ಲ. ಆದುದರಿಂದ ತಡೆದು ಕೇಳಿದರೆ ಎಲ್ಲರ ಉತ್ತರವೂ ಒಂದೇ: “ಬರೀ ನೋಡಲು ಬಂದವರು ನಾವು, ನೋಡಿದರೆ ಯಾರಿಗೇನು ನಷ್ಟ?”

ಈ ಉತ್ತರವು ಅಹಿಂಸೆಯ ವೇಷವನ್ನು ತೊಟ್ಟಿದೆ. ಆ ವೇಷಕ್ಕೆ ಮರುಳಾಗಿ ಅದನ್ನು ಪರೀಕ್ಷಿಸದೆ ಒಪ್ಪಿಕೊಂಡವರಲ್ಲಿ ಶ್ರಾವಕ ಕುಟುಂಬಗಳೂ ಇವೆ ಎಂಬುದು ವಿಷಾದದ ಸಂಗತಿ. ರಾತ್ರಿ ಭೋಜನವನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿಯುವ ಮನೆಯವರು ಕಾಡಿನ ಅಂಚಿಗೆ ಬಂದೊಡನೆ ಆ ಎಚ್ಚರವನ್ನೆಲ್ಲ ವಾಹನದಲ್ಲಿಯೇ ಬಿಟ್ಟು ಇಳಿಯುವುದು ಹೇಗೆ ಸಾಧ್ಯ?

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕೊಲ್ಲುವವನ ಆಯುಧವನ್ನು ಮೊದಲಿಗೆ ಎಣಿಸಲಿಲ್ಲ. ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಮೊದಲಿಗೆ ಎಣಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ದೋಷವೆಂದೇ ಎಣಿಸಿದ್ದಾರೆ. ದಿಗ್ವ್ರತ, ದೇಶವ್ರತಗಳು ಇಂತಿಷ್ಟು ದಿಕ್ಕು, ಇಂತಿಷ್ಟು ದೂರ ಎಂದು ಗೃಹಸ್ಥನ ಸಂಚಾರಕ್ಕೇ ಗಡಿ ಹಾಕುತ್ತವೆ. ವ್ಯಾಪಾರಿಗೆ ಇದು ಸುಲಭವಾಗಿ ತಿಳಿಯಬೇಕಾದ ಮಾತು. ತಕ್ಕಡಿಯನ್ನು ಪರೀಕ್ಷಿಸದೆ ತೂಗಿದವನು “ಮೋಸ ಮಾಡುವ ಮನಸ್ಸಿರಲಿಲ್ಲ” ಎಂದರೆ ಗಿರಾಕಿಗೆ ಬಂದ ಕೊರತೆ ತುಂಬುವುದಿಲ್ಲ. ಕಾಡಿಗೆ ಹೋಗಿ “ನೋಯಿಸುವ ಮನಸ್ಸಿರಲಿಲ್ಲ” ಎನ್ನುವವನ ಸ್ಥಿತಿಯೂ ಅದೇ.

ಈ ನಾಲ್ಕು ತಾಲ್ಲೂಕುಗಳ ಕಾಡನ್ನು ಮಲೆನಾಡಿನ ಕಾಡಿನೊಡನೆ ಹೋಲಿಸಿ “ಇಲ್ಲೇನಿದೆ?” ಎನ್ನುವವರಿದ್ದಾರೆ. ಜೋಗಿಮಟ್ಟಿಯಿಂದ ದಕ್ಷಿಣಕ್ಕೆ ಸಾಗುವ ಬೆಟ್ಟಸಾಲನ್ನು ವೇದಾವತಿ ನದಿಯು ಸೀಳಿಕೊಂಡು ಹೊರಬರುವ ಸ್ಥಳವೇ ಮಾರಿಕಣಿವೆ. ಅಲ್ಲಿ ಮೈಸೂರು ಅರಸರ ಕಾಲದಲ್ಲಿ 1907ರಲ್ಲಿ ಮುಗಿದ ಅಣೆಕಟ್ಟೆಯೇ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಹರಿದ ಈ ಜಲಾಶಯ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಬಳಿಕ, 2022ರಲ್ಲಿ. ಅಷ್ಟು ಕಡಿಮೆ ಮಳೆಯ ಸೀಮೆಯಿದು. ಇಲ್ಲಿನ ಕುರುಚಲು ಕಾಡಿನಲ್ಲಿ, ಬಂಡೆಗಳ ಸಂದಿಯಲ್ಲಿ ಕರಡಿ, ಚಿರತೆ, ಮುಳ್ಳುಹಂದಿ, ನರಿ, ನವಿಲುಗಳಿವೆ. ಗಂಡಿಗೆ ನಾಲ್ಕು ಕೊಂಬು ಮೂಡುವ ಕೊಂಡುಕುರಿಯಿದೆ. ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಅದು ಬೇರೆಲ್ಲಿಯೂ ಇಲ್ಲ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮವನ್ನಾಗಿ ಮಾಡಲಾಯಿತು. ಜೋಗಿಮಟ್ಟಿಯ ಸುಮಾರು 100 ಚದರ ಕಿಲೋಮೀಟರ್ ಅರಣ್ಯವೂ 2010ರ ದಶಕದಲ್ಲಿ ವನ್ಯಜೀವಿಧಾಮವಾಯಿತು. ಹಿರಿಯೂರಿಗೆ ನೆರೆಯಾದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರಕ್ಕಾಗಿ 2019ರಲ್ಲಿ ಇನ್ನೊಂದು ಧಾಮ ರೂಪುಗೊಂಡಿತು.

ಚಳಿಗಾಲವು ನೋಡುವವನಿಗೆ ಅನುಕೂಲದ ಕಾಲ. ಬಿಸಿಲು ಹಿತ, ಗಾಳಿ ಶುಭ್ರ, ಎಲೆಯುದುರಿದ ಗಿಡಗಳ ನಡುವೆ ದೃಷ್ಟಿ ದೂರ ಹರಿಯುತ್ತದೆ. ಆದರೆ ನೋಡಿಸಿಕೊಳ್ಳುವ ಜೀವಿಗೆ ಅದು ಅತ್ಯಂತ ನಾಜೂಕಿನ ಕಾಲ. ಕರಡಿಯ ವಿಚಾರವನ್ನೇ ತೆಗೆದುಕೊಳ್ಳಬಹುದು. ಹೆಣ್ಣು ಕರಡಿ ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ, ಬಂಡೆಗಳ ನಡುವಿನ ಗವಿಯಲ್ಲಿ ಒಂದೆರಡು ಮರಿಗಳನ್ನು ಹಾಕುತ್ತದೆ. ಹುಟ್ಟಿದ ಮರಿಗೆ ಕಣ್ಣು ಬಿಟ್ಟಿರುವುದಿಲ್ಲ. ತಾಯಿ ಹಲವು ವಾರ ಗವಿಯ ಆಸುಪಾಸಿನಲ್ಲಿಯೇ ಇದ್ದು, ಮುಂದೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಸರಿಯಾಗಿ ಅದೇ ವಾರಗಳಲ್ಲಿ ರಜೆಯ ಗುಂಪುಗಳು ಚಾರಣವೆಂದು, ಗವಿಯ ಫೋಟೋವೆಂದು ಆ ಬಂಡೆಗಳನ್ನೇ ಹತ್ತುತ್ತವೆ. ಕರಡಿಗೆ ದೃಷ್ಟಿ ಮಂದ. ಹತ್ತಿರ ಬರುವವರೆಗೆ ಮನುಷ್ಯನನ್ನು ಅದು ಗುರುತಿಸದು, ಗುರುತಿಸಿದಾಗ ಓಡುವುದಕ್ಕಿಂತ ಎರಗುವುದೇ ಹೆಚ್ಚು. ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸುತ್ತಾರೆ. ಮರುದಿನ “ಕರಡಿಯನ್ನು ಹಿಡಿಯಿರಿ” ಎಂಬ ಕೂಗು ಏಳುತ್ತದೆ. ಬೋನು ಬರುತ್ತದೆ. ಗವಿಯಲ್ಲಿ ಉಳಿದ ಮರಿಯ ಗತಿಯನ್ನು ವಿಚಾರಿಸುವವರಿಲ್ಲ. ನೋಟದಿಂದ ಯಾರಿಗೇನು ನಷ್ಟವೆಂದು ಕೇಳಿದವರು ಅಷ್ಟರಲ್ಲಿ ತಮ್ಮ ಊರು ಸೇರಿರುತ್ತಾರೆ.

ಕೊಂಡುಕುರಿಯ ಸ್ಥಿತಿ ಇದಕ್ಕಿಂತ ಮೃದುವಾದದ್ದೇನೂ ಅಲ್ಲ. ಮಳೆಗಾಲದ ಹೊತ್ತಿಗೆ ಗಬ್ಬವಾದ ಹೆಣ್ಣು ಸುಮಾರು ಎಂಟು ತಿಂಗಳು ಹೊತ್ತು, ಚಳಿಗಾಲ ಇಳಿಯುವ ಹೊತ್ತಿಗೆ ಈಯುತ್ತದೆ. ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ತಾನು ಮೇಯಲು ಹೋಗುತ್ತದೆ. ಅಮೃತಮಹಲ್ ಕಾವಲುಗಳಂತಹ ಹುಲ್ಲುಬಯಲುಗಳಿಗೆ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಜಾತಿಯ ಗಿಡುಗಗಳು ಹಗಲೆಲ್ಲ ಮಿಡತೆಗಳನ್ನು ಹಿಡಿದು, ಸಂಜೆ ನೆಲದ ಮೇಲೆಯೇ ಹುಲ್ಲಿನಲ್ಲಿ ಗುಂಪಾಗಿ ಮಲಗುತ್ತವೆ. ಮರವೇರಿ ಮಲಗುವ ಹಕ್ಕಿಗೆ ಇರುವ ರಕ್ಷಣೆ ಅವಕ್ಕಿಲ್ಲ. ಸಂಜೆಯ ಹೊಂಬೆಳಕಿನಲ್ಲಿ ಒಳ್ಳೆಯ ಚಿತ್ರ ಸಿಗುತ್ತದೆಂದು ಜೀಪನ್ನು ಹುಲ್ಲಿನೊಳಕ್ಕೆ ನುಗ್ಗಿಸಿದರೆ ಆ ರಾತ್ರಿಯ ನೆಲೆಯೇ ತಪ್ಪಿಹೋಗುತ್ತದೆ. ಸೇದಿ ಎಸೆದ ಒಂದು ಬೀಡಿ ಸಾಕು, ಒಣಗಿದ ಬಯಲು ಬೂದಿಯಾಗಲು. ಕಾಲಿಡುವ ಮೊದಲು ನೆಲ ನೋಡಬೇಕೆಂಬ ಈರ್ಯಾ ಸಮಿತಿಯನ್ನು ಮುನಿಗಳು ಪೂರ್ಣವಾಗಿ ಪಾಲಿಸುತ್ತಾರೆ; ಗೃಹಸ್ಥರು ಕಾಡಿನಲ್ಲಿಯಾದರೂ ಅದರ ಒಂದಂಶವನ್ನು ಪಾಲಿಸುವುದು ಅಸಾಧ್ಯವೇ?

ಇನ್ನು, ಪ್ರಾಣಿಗಳಿಗೆ ಆಹಾರವಿಡುವವರ ವಿಚಾರ. ಇವರು ತಮ್ಮನ್ನು ದಯಾವಂತರೆಂದು ಭಾವಿಸಿರುವುದರಿಂದ ಇವರೊಡನೆ ವಾದ ಮಾಡುವುದು ಹೆಚ್ಚು ಕಷ್ಟ. ಕೋಟೆಯಲ್ಲಿ, ಬೆಟ್ಟದ ದಾರಿಯಲ್ಲಿ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆದು ಪುಣ್ಯ ಗಳಿಸಿದೆವೆಂದು ಹಿಗ್ಗುತ್ತಾರೆ. ಆ ಕೋತಿ ಮರುದಿನದಿಂದ ರಸ್ತೆಯ ಬದಿಯಲ್ಲಿಯೇ ಕಾಯುತ್ತದೆ. ವಾಹನಕ್ಕೆ ಸಿಕ್ಕಿ ಸಾಯುತ್ತದೆ, ಇಲ್ಲವೇ ಮಗುವಿನ ಕೈಯಿಂದ ಕಿತ್ತುಕೊಳ್ಳಲು ಕಲಿತು ಪೆಟ್ಟು ತಿನ್ನುತ್ತದೆ. ದೀಪದ ಎಣ್ಣೆಗೂ ತೆಂಗಿನಕಾಯಿಗೂ ಆಸೆಪಟ್ಟು ಕರಡಿಗಳು ರಾತ್ರಿ ಗುಡಿಗಳಿಗೆ ನುಗ್ಗಿದ ವಾರ್ತೆಗಳು ಈ ಸೀಮೆಯಿಂದ ಆಗಾಗ ಬಂದಿವೆ. ಸೀತಾಫಲ, ಬಾರೆಹಣ್ಣು, ಹುತ್ತದ ಗೆದ್ದಲು ತಿಂದು ಬದುಕುವ ಪ್ರಾಣಿಗೆ ಎಣ್ಣೆಯ ರುಚಿ ಹತ್ತಿತೆಂದರೆ ಅದು ಊರಿನ ಕಡೆಗೆ ಮುಖ ಮಾಡಿತೆಂದೇ ಅರ್ಥ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ಯಾವ ಪಾತ್ರಕ್ಕೆ ಯಾವ ದಾನವೆಂಬ ವಿವೇಕವಿಲ್ಲದೆ ಕೊಟ್ಟದ್ದು ಪುಣ್ಯದ ಬಾಬಿಗೆ ಜಮೆಯಾಗದು. ಗೋಶಾಲೆಯ ಹಸುವಿಗೆ ಹುಲ್ಲು ಕೊಡುವುದು ಸರಿ. ಅದು ಮನುಷ್ಯನನ್ನು ನಂಬಿದ ಜೀವಿ. ಕಾಡಿನ ಜೀವಿ ಮನುಷ್ಯನನ್ನು ನಂಬಿಲ್ಲ, ನಂಬಲೂಬಾರದು. ಅದಕ್ಕೆ ಸಲ್ಲುವುದು ಅಭಯದಾನವೊಂದೇ. ಹತ್ತಿರ ಹೋಗದಿರುವುದೇ ಅದನ್ನು ಕೊಡುವ ಕ್ರಮ.

ಇಲ್ಲಿ ದರೋಜಿಯ ಉದಾಹರಣೆಯನ್ನು ಎತ್ತದೆ ಮುಂದುವರಿಯಲಾಗದು. ಹಂಪಿಗೆ ಹತ್ತಿರದ ಈ ಕರಡಿಧಾಮ 1994ರಲ್ಲಿ ಸ್ಥಾಪನೆಯಾಯಿತು. ಕರಡಿಗಾಗಿ ನೆಲೆಯೊಂದನ್ನು ಕಾಯ್ದಿಟ್ಟದ್ದು ಶ್ಲಾಘ್ಯವೇ. ಆದರೆ ಅಲ್ಲಿ ಎದುರಿನ ಬಂಡೆಗಳಿಗೆ ಬೆಲ್ಲ, ಜೇನುಗಳ ಮಿಶ್ರಣವನ್ನು ಬಳಿದು, ಮಧ್ಯಾಹ್ನದ ಮೇಲೆ ಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ತೋರಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಇದನ್ನು ಮೆಚ್ಚಿ “ಜೋಗಿಮಟ್ಟಿಯಲ್ಲಿಯೂ ಹೀಗೇ ಆಗಲಿ” ಎನ್ನುವವರು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಇತಿಹಾಸವನ್ನು ತಿಳಿಯಬೇಕು. 1872ರಲ್ಲಿ ಸ್ಥಾಪಿತವಾದ ಆ ಉದ್ಯಾನದಲ್ಲಿ ಒಂದು ಕಾಲಕ್ಕೆ ಹೋಟೆಲುಗಳ ಎಂಜಲನ್ನು ಗುಂಡಿಗೆ ಸುರಿದು, ಅದನ್ನು ತಿನ್ನಲು ಬರುವ ಕರಡಿಗಳನ್ನು ನೋಡಲು ಆಸನಗಳನ್ನು ಹಾಕಿಸಿದ್ದರು. 1931ರಿಂದ 1969ರವರೆಗೆ ಅಲ್ಲಿ ಕರಡಿಗಳಿಂದ ಗಾಯಗೊಂಡವರು ವರ್ಷಕ್ಕೆ ಸರಾಸರಿ 48 ಮಂದಿ. ತಪ್ಪಿನ ಅರಿವಾಗಿ 1970ರ ಹೊತ್ತಿಗೆ ಎಂಜಲು ಗುಂಡಿಗಳನ್ನೆಲ್ಲ ಮುಚ್ಚಿದರು. ಇಂದು ಅಲ್ಲಿ ತೋಳ, ಕರಡಿಗಳಿಂದ 100 ಗಜ ದೂರ ಇರಲೇಬೇಕೆಂಬ ನಿಯಮವಿದೆ. ಹಿಮ ಬೀಳುವ ತಿಂಗಳುಗಳಲ್ಲಿ ಉದ್ಯಾನದ ಬಹುತೇಕ ರಸ್ತೆಗಳು ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತವೆ. ನಿಯಮಬದ್ಧ ಹಿಮವಾಹನಗಳಲ್ಲಿ, ಹೆಚ್ಚಾಗಿ ಮಾರ್ಗದರ್ಶಿಯೊಡನೆಯೇ ಜನ ಒಳಗೆ ಹೋಗುತ್ತಾರೆ. 1995 ಮತ್ತು 1996ರಲ್ಲಿ ಮರಳಿ ತಂದು ಬಿಟ್ಟ ತೋಳಗಳನ್ನು ಆ ಹಿಮದಲ್ಲಿ ದೂರದಿಂದ ನೋಡಿ ತೃಪ್ತರಾಗಿ ಹಿಂತಿರುಗುತ್ತಾರೆ. ಅಹಿಂಸೆಯನ್ನು ಪರಮಧರ್ಮವೆಂದು ಎಂದೂ ಘೋಷಿಸದ ದೇಶವೊಂದು ಪೆಟ್ಟು ತಿಂದು ಕಲಿತ ಪಾಠವನ್ನು, ಅದನ್ನು ದಿನವೂ ಘೋಷಿಸುವವರು ಪೆಟ್ಟು ತಿಂದೇ ಕಲಿಯಬೇಕೆ?

ಭಾರತದ ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು “ಬೇಟೆ” ಎಂಬ ಪದವನ್ನು ವಿವರಿಸುವಾಗ ಕೊಲ್ಲುವುದರ ಜೊತೆಗೆ ಬೆನ್ನಟ್ಟುವುದನ್ನೂ ಆಮಿಷವೊಡ್ಡುವುದನ್ನೂ ಸೇರಿಸಿದೆ. ವನ್ಯಜೀವಿಧಾಮದೊಳಗೆ ಪ್ರಾಣಿಯನ್ನು ಕೆಣಕುವುದು, ಕಸ ಎಸೆಯುವುದು ನಿಷಿದ್ಧ; ಚಿತ್ರ ತೆಗೆಯಲೂ ಪ್ರವಾಸಕ್ಕೂ ಅನುಮತಿ ಪಡೆದೇ ಒಳಹೋಗಬೇಕು. ಹಕ್ಕಿಯ ಕೂಗನ್ನು ಯಂತ್ರದಿಂದ ನುಡಿಸಿ ಹಕ್ಕಿಯನ್ನು ಕರೆಯುವವರೂ, ರಾತ್ರಿ ಬೆಳಕು ಚೆಲ್ಲಿ ಚಿರತೆಯನ್ನು ಹುಡುಕುವವರೂ ತಮ್ಮನ್ನು ಪ್ರೇಕ್ಷಕರೆಂದು ಕರೆದುಕೊಳ್ಳುವ ಮೊದಲು ಆ ವಿವರಣೆಯನ್ನೊಮ್ಮೆ ಓದುವುದು ಒಳಿತು.

ಹಿಮದ ನಾಡಿನ ಇನ್ನೊಂದು ಉದಾಹರಣೆ ದೇಶದೊಳಗೇ ಇದೆ. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಹಿಮಚಿರತೆಯನ್ನು ನೋಡಲು ಕರ್ನಾಟಕದಿಂದಲೂ ಜನ ಹೋಗುತ್ತಾರೆ. 2024ರ ಜನವರಿಯಲ್ಲಿ ಪ್ರಕಟವಾದ ಗಣತಿಯಂತೆ ದೇಶದಲ್ಲಿರುವ ಹಿಮಚಿರತೆಗಳು 718. ಅವುಗಳಲ್ಲಿ 477 ಲಡಾಖಿನಲ್ಲಿಯೇ ಇವೆ. ಚಳಿಗಾಲದಲ್ಲಿ ಭರಲ್ ಎಂಬ ಕಾಡುಕುರಿಗಳು ಕೆಳಗಿನ ಕಣಿವೆಗಳಿಗೆ ಇಳಿದಾಗ ಅವುಗಳ ಹಿಂದೆ ಚಿರತೆಯೂ ಇಳಿಯುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಸ್ಥಳೀಯ ಮಾರ್ಗದರ್ಶಿಯು ದಿಣ್ಣೆಯ ಮೇಲೆ ದೂರದರ್ಶಕವನ್ನು ನಿಲ್ಲಿಸಿ ಎದುರಿನ ಬೆಟ್ಟದ ಬಂಡೆಗಳನ್ನು ಗಂಟೆಗಟ್ಟಲೆ ಶೋಧಿಸುತ್ತಾನೆ. ಕಂಡರೆ ಕಂಡಿತು, ಕಾಣದಿದ್ದರೆ ಬಂದವರು ಸುಮ್ಮನೆ ಮರಳಬೇಕು. ಲಕ್ಷಾಂತರ ರೂಪಾಯಿ ವೆಚ್ಚ ಮಾಡಿ ಹೋದವರು ಅಲ್ಲಿ ಕಣಿವೆಯಾಚೆಯ ಒಂದು ಬೂದುಬಣ್ಣದ ಚುಕ್ಕೆಗೆ ಕೈಮುಗಿದು ಬರುತ್ತಾರೆ. ಅದೇ ಜನ ಜೋಗಿಮಟ್ಟಿಗೆ ಬಂದಾಗ ಕರಡಿ ಇಪ್ಪತ್ತು ಅಡಿಯ ಹತ್ತಿರ ಬಂದು ನಿಲ್ಲಬೇಕೆನ್ನುತ್ತಾರೆ. ಹಣ ಕೊಟ್ಟಲ್ಲಿ ಸಂಯಮ, ಹಣವಿಲ್ಲದಲ್ಲಿ ದರ್ಪ! ಇದು ಯಾವ ನ್ಯಾಯ?

ಹೆಮಿಸ್ಸಿನಿಂದ ಕಲಿಯಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ಅಲ್ಲಿನ ರುಂಬಕ್ ಮೊದಲಾದ ಹಳ್ಳಿಗಳ ಜನ ಹಿಂದೆ ಹಿಮಚಿರತೆಯನ್ನು ಶತ್ರುವೆಂದೇ ತಿಳಿದಿದ್ದರು. ಒಂದೇ ರಾತ್ರಿ ರೊಪ್ಪಕ್ಕೆ ಇಳಿದು ಹತ್ತಾರು ಕುರಿಗಳನ್ನು ಕೊಂದುಹಾಕುವ ಪ್ರಾಣಿಯನ್ನು ಬೇರೆ ಯಾವ ಹೆಸರಿನಿಂದ ಕರೆದಾರು? 2000ದ ದಶಕದ ಆರಂಭದಿಂದ ರಿಂಚೆನ್ ವಾಂಗ್‌ಚುಕ್ ಮೊದಲಾದವರ ಶ್ರಮದಿಂದ ರೊಪ್ಪಗಳಿಗೆ ಜಾಲರಿಯ ಮೇಲ್ಛಾವಣಿ ಬಂದಿತು. ಪ್ರವಾಸಿಗಳು ಹಳ್ಳಿಯ ಮನೆಗಳಲ್ಲಿಯೇ ತಂಗುವ ಏರ್ಪಾಡಾಯಿತು. ಕುರಿ ಕಳೆದುಕೊಂಡವರೇ ಮಾರ್ಗದರ್ಶಿಗಳಾದರು. ಹೀಗೆ ನಷ್ಟ ಹೊತ್ತವನಿಗೇ ಲಾಭವೂ ತಲುಪಿತು. ಕಿರ್ದಿ ಬರೆಯಲು ಬಲ್ಲ ಯಾವನಿಗಾದರೂ ಈ ನ್ಯಾಯ ತಿಳಿಯುತ್ತದೆ.

ಈಗ ಚಿತ್ರದುರ್ಗದ ಲೆಕ್ಕವನ್ನು ನೋಡಬೇಕು. ಚಿರತೆಗೆ ಕುರಿ ಕಳೆದುಕೊಳ್ಳುವವನು ಗೊಲ್ಲರ ಹಟ್ಟಿಯವನು, ಕುರುಬ. ಮುಂಜಾನೆ ತೋಟಕ್ಕೆ ನೀರು ಬಿಡಲು ಹೋಗಿ ಕರಡಿಗೆ ಎದುರಾಗುವವನು ಹೊಸದುರ್ಗದ, ಹೊಳಲ್ಕೆರೆಯ ರೈತ. ಖರ್ಚಿನ ಬದಿಯಲ್ಲಿ ಇವರ ಹೆಸರುಗಳಿವೆ. ಜಮೆಯ ಬದಿಯಲ್ಲಿ ಬಾಡಿಗೆ ವಾಹನದವರು, ಊಟದ ಹೋಟೆಲಿನವರು, ಚಿತ್ರಕ್ಕೆ ಬಹುಮಾನ ಪಡೆದವರು. ಹಟ್ಟಿಯವನಿಗೆ ಉಳಿದದ್ದು ಧೂಳು ಮತ್ತು ಖಾಲಿ ಬಾಟಲಿ. ಅವನ ಮನಸ್ಸಿನಲ್ಲಿ ಚಿರತೆಯ ಮೇಲೆ ಕನಿಕರ ಹುಟ್ಟಲಿ ಎಂದು ಊರಿನಿಂದ ಬಂದವರು ಉಪದೇಶ ಮಾಡುವುದು ನ್ಯಾಯವೆ? ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದ ಬಳಿಕ 2025ರ ನವೆಂಬರಿನಲ್ಲಿ ಸರ್ಕಾರವು ಅಲ್ಲಿನ ಸಫಾರಿಯನ್ನೇ ನಿಲ್ಲಿಸಲು ಆದೇಶಿಸಿತು. ಕಾಡಿನಂಚಿನವರ ಅಸಮಾಧಾನವನ್ನು ಬಹಳ ಕಾಲ ಕಡೆಗಣಿಸಿದರೆ ನೋಡುವ ಬಾಗಿಲೂ ಮುಚ್ಚುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟನ್ನು ಕೇಳಿದ ಕೆಲವರು, “ಹಾಗಾದರೆ ಯಾರೂ ಕಾಡಿಗೆ ಹೋಗುವುದೇ ಬೇಡ” ಎಂದು ಕೈತೊಳೆದುಕೊಳ್ಳುತ್ತಾರೆ. ಅದೂ ಪ್ರಮಾದದ ಇನ್ನೊಂದು ರೂಪ. ಯಾರೂ ನೋಡದ ಕಾಡಿಗೆ ಸಾಕ್ಷಿಗಳಿರುವುದಿಲ್ಲ. ಅದು ಕರಗಿದಾಗ ಕೇಳುವವರೂ ಇರುವುದಿಲ್ಲ. ಇದೇ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳಿಗಾಗಿ ದಾರಿ ಕಡಿದದ್ದೂ, ಇದೇ ಜಿಲ್ಲೆಯಲ್ಲಿ ಅದಿರಿಗಾಗಿ ನೆಲ ಬಗೆದದ್ದೂ, ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂದದ್ದೂ ಮರೆಯುವಂತಹ ಸಂಗತಿಗಳಲ್ಲ. ಕೊಂಡುಕುರಿಯನ್ನು ಒಮ್ಮೆಯಾದರೂ ಕಂಡ ಮಗು ದೊಡ್ಡವನಾದ ಮೇಲೆ ಅದರ ಪರವಾಗಿ ಒಂದು ಮಾತನ್ನಾದರೂ ಆಡೀತು. ಆದುದರಿಂದ ನೋಟ ಬೇಕು. ಆ ನೋಟಕ್ಕೆ ಗಡಿ, ಸಂಖ್ಯೆ ಮತ್ತು ಗುರು ಬೇಕು. 2024ರ ಜನವರಿಯಲ್ಲಿ ಪುಷ್ಪಗಿರಿ ವನ್ಯಧಾಮದ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದು, ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಮುಂದೆ ಮುಂಗಡ ನೋಂದಣಿಯ ಮೂಲಕ ಸಂಖ್ಯೆಗೆ ಮಿತಿ ಹಾಕಬೇಕಾಯಿತು. ಅನಾಹುತವಾಗುವ ಮೊದಲೇ ಜೋಗಿಮಟ್ಟಿಯಲ್ಲಿ ಆ ಮಿತಿಯನ್ನು ಪಾಲಿಸಲು ಯಾವ ಅಡ್ಡಿಯಿದೆ?

ಬಸದಿಗಳ ಟ್ರಸ್ಟುಗಳೂ ಕುಟುಂಬಗಳೂ ಸರ್ಕಾರದ ಆದೇಶಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಯಾತ್ರೆಯ ಬಸ್ಸನ್ನು “ಹಾಗೆಯೇ ಕಾಡನ್ನೂ ತೋರಿಸಿಕೊಂಡು ಬರೋಣ” ಎಂದು ಬೆಟ್ಟಕ್ಕೆ ತಿರುಗಿಸಬಾರದು. ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಹತ್ತು ಹನ್ನೆರಡು ಮಂದಿಯ ಗುಂಪಾಗಿ, ಕಾಡಂಚಿನ ಹಳ್ಳಿಯ ತಿಳಿದವನೊಬ್ಬನನ್ನು ಮಾರ್ಗದರ್ಶಿಯಾಗಿ ಇಟ್ಟುಕೊಂಡೇ ಹೋಗಬೇಕು. ಅವನಿಗೆ ಒಂದು ದಿನದ ನ್ಯಾಯವಾದ ಸಂಬಳವನ್ನು ಚೌಕಾಶಿಯಿಲ್ಲದೆ ಕೊಡಬೇಕು. ಅವನು “ಇಲ್ಲಿಗೆ ಸಾಕು” ಎಂದ ಜಾಗದಿಂದ ಒಂದು ಹೆಜ್ಜೆಯೂ ಮುಂದಿಡಬಾರದು. ನವೆಂಬರಿನಿಂದ ಫೆಬ್ರವರಿಯವರೆಗೆ ಗವಿಗಳ ಕಡೆಗೆ ಸುಳಿಯಬಾರದು. ಬೆಂಕಿ, ಯಂತ್ರದ ಕೂಗು, ಡ್ರೋನ್, ರಾತ್ರಿಯ ಬೆಳಕು ಇವು ನಾಲ್ಕೂ ವರ್ಜ್ಯ. ಪ್ರಾಣಿಗೆ ಏನನ್ನೂ ಕೊಡಬಾರದು, ಏನನ್ನೂ ಬಿಟ್ಟುಬರಬಾರದು. ಬೆಟ್ಟದ ಗುಡಿಗಳ ಆಡಳಿತದವರೊಡನೆ ವಿನಯದಿಂದ ಮಾತನಾಡಿ, ರಾತ್ರಿ ಎಣ್ಣೆ, ಕಾಯಿಗಳನ್ನು ಭದ್ರವಾದ ಪೆಟ್ಟಿಗೆಯಲ್ಲಿಡುವ ಏರ್ಪಾಡಿಗೆ ನೆರವಾಗಬೇಕು.

ದಾನದ ಹಣವಿರುವ ಟ್ರಸ್ಟುಗಳು ಇನ್ನೊಂದು ಹೆಜ್ಜೆ ಮುಂದಿಡಬಹುದು. ಜಯಂತಿಯ ದಿನ ಕೋತಿಗಳಿಗೆ ಹಂಚುವ ಹಣ್ಣಿನ ಹಣದಲ್ಲಿ ಎರಡು ದುರ್ಬೀನುಗಳನ್ನು ಕೊಂಡು ಹಳ್ಳಿಯ ಯುವಕರಿಗೆ ಕೊಟ್ಟರೆ ಅವರು ಮಾರ್ಗದರ್ಶಿಗಳಾಗುತ್ತಾರೆ. ಒಂದು ಹಟ್ಟಿಯ ರೊಪ್ಪಕ್ಕೆ ಜಾಲರಿಯ ಮೇಲ್ಛಾವಣಿ ಹಾಕಿಸಿದರೆ ಕುರಿಗೂ ಅಭಯ, ಚಿರತೆಗೂ ಅಭಯ, ಕುರುಬನ ಮನೆಗೂ ನೆಮ್ಮದಿ. ಫಲಕದ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಅಲ್ಲಿ ಅಮೃತಶಿಲೆ ಸಿಗದಿರಬಹುದು. ದಾನದ ಫಲಕ್ಕೆ ಅದರಿಂದ ಕೊರತೆಯಾಗದು.

ಹಿಮವನ್ನು ನೋಡಲು ಎಲ್ಲರೂ ಲಡಾಖಿಗೆ ಹೋಗಬೇಕಾಗಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಪುಟ್ಟ ಕೆರೆಗೆ, ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಪ್ರತಿ ಚಳಿಗಾಲದಲ್ಲಿಯೂ ತಾವಾಗಿಯೇ ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಮಿಸಿ ಇರುಳು ಹೊಲಗಳಲ್ಲಿ ಮೇಯುತ್ತವೆ. ಚಳಿಗಾಲ ಕಳೆದ ಮೇಲೆ ಹಿಂದಿರುಗುತ್ತವೆ. ದಂಡೆಯ ಮೇಲೆ ದೂರದಲ್ಲಿ ಕುಳಿತು ನೋಡುವವನನ್ನು ಅವು ಲೆಕ್ಕಿಸುವುದಿಲ್ಲ. ಹತ್ತಿರ ನುಗ್ಗಿದವನಿಗೆ ಕಾಣಸಿಗುವುದು ಹಾರಿಹೋಗುವ ಹಿಂಡು ಮಾತ್ರ. ವಾಣಿವಿಲಾಸದ ಹಿನ್ನೀರಿನಲ್ಲಿಯೂ, ಜೋಗಿಮಟ್ಟಿಯ ಬಂಡೆಗಳ ಕೆಳಗೂ ನಿಯಮ ಅದೇ. ಬರುವ ಮಾರ್ಗಶಿರಕ್ಕೆ ಮೊದಲು ಪ್ರತಿಯೊಂದು ಟ್ರಸ್ಟಿನ ಸಭೆಯಲ್ಲಿಯೂ ಈ ವಿಷಯ ಚರ್ಚೆಗೆ ಬಂದು, ಒಂದು ಲಿಖಿತ ನಿರ್ಣಯವಾಗುವುದು ಅವಶ್ಯ.